‘ಉಳುವವನು’ ಯಾರು? – ವಿದ್ಯಾರ್ಥಿಗಳ ಜೊತೆ ಅರಸು ಅವರನ್ನು ಓದಿದ್ದು

ದೇವರಾಜ ಅರಸು ಅವರನ್ನು ನಮ್ಮ ನಾಡಿನಲ್ಲಿ ವರ್ಷಕ್ಕೆ ಎರಡು ಸಲ ಹೊಗಳುತ್ತಾರೆ. ಆಗಸ್ಟ್ 20 ಅವರು ಹುಟ್ಟಿದ ದಿನ, ಅದು ಸರ್ಕಾರದ್ದು. ಶಾಮಿಯಾನ, ಹಾರ, ಮಂತ್ರಿ, ಪ್ರಬಂಧ ಸ್ಪರ್ಧೆ ಎಲ್ಲ ಇರುತ್ತವೆ. ಜೂನ್ 6 ಅವರು ತೀರಿಕೊಂಡ ದಿನ, 1982ರದ್ದು. ಅದಕ್ಕೆ ಒಂದು ಫೋಟೋ, ಎರಡು ಊದುಬತ್ತಿ, ಹಳೆಯ ನಾಲ್ಕು ಜನ. ಎರಡೂ ದಿನ ಆಡುವ ಮಾತು ಮಾತ್ರ ಒಂದೇ. ಕಾವ್ಯಕ್ಕೆ, ಕಾದಂಬರಿಗೆ ನಮ್ಮಲ್ಲಿ ವಿಮರ್ಶಕರು ಸಾಲುಗಟ್ಟಿ ನಿಂತಿದ್ದಾರೆ. ಆದರೆ ಹಳ್ಳಿಯ ಹುಡುಗರು ಅತಿ ಹೆಚ್ಚು ಕೇಳುವ ಗದ್ಯ ಭಾಷಣದ ಗದ್ಯ. ಅದನ್ನು ಎತ್ತಿ ತಿರುಗಿಸಿ ನೋಡುವವರಿಲ್ಲ. ಅದಕ್ಕೇ ಕಳೆದ ಜೂನ್ ತಿಂಗಳಲ್ಲಿ ಮೈಸೂರಿನಲ್ಲಿ ಓದುತ್ತಿರುವ ಕೆಲವು ಬಿ.ಎ. ವಿದ್ಯಾರ್ಥಿಗಳ ಜೊತೆ ನಾಲ್ಕು ಭಾನುವಾರ ಕೂತೆವು. ಕೈಗೆ ಸಿಕ್ಕ ಸ್ಮರಣ ಸಂಚಿಕೆ, ಭಾಷಣ, ಬಹುಮಾನ ಬಂದ ಪ್ರಬಂಧ ಎಲ್ಲವನ್ನೂ ಗಟ್ಟಿಯಾಗಿ ಓದಿದೆವು. ಅರಸು ಅವರ ಸಾವು ಬದುಕು ಎರಡನ್ನೂ ಮಾತಾಡಿದೆವು. ಅಲ್ಲಿ ಹುಟ್ಟಿದ ಪ್ರಶ್ನೆಗಳು ಈ ಬರಹದ ಬಂಡವಾಳ.

ಮೊದಲ ಭಾನುವಾರ ಅರಸು ಯಾರು ಅಂತ ಕೇಳಿದೆವು. ಒಬ್ಬ ಹುಡುಗ, ‘ಅರಸು ರೋಡ್ ಅಣ್ಣ, ಬಟ್ಟೆ ಅಂಗ್ಡಿ ಇರ್ತಾವಲ್ಲ’ ಅಂದ. ಎಲ್ಲರೂ ನಕ್ಕರು. ನಗುವುದೇನೂ ಬೇಕಿಲ್ಲ. ಮೈಸೂರಿನ ಅತಿ ಬೆಲೆಯ ಅಂಗಡಿ ಸಾಲಿಗೆ ಆ ಹೆಸರಿಟ್ಟವರು ಯಾರು, ನಕ್ಕವರು ಯಾರು ಅನ್ನುವುದನ್ನು ಯೋಚಿಸಿದರೆ ಆ ಹುಡುಗ ಹೇಳಿದ್ದು ಸರಿಯಾಗೇ ಇದೆ.

ಭಾಷಣಗಳಿಗೆ ಬರೋಣ. ಎಲ್ಲದರಲ್ಲೂ ಒಂದು ಶಬ್ದ ಬಿದ್ದು ಹೊರಳಾಡುತ್ತದೆ: ಹರಿಕಾರ. ಹಿಂದುಳಿದ ವರ್ಗಗಳ ಹರಿಕಾರ, ಸಾಮಾಜಿಕ ನ್ಯಾಯದ ಹರಿಕಾರ, ಮೌನಕ್ರಾಂತಿಯ ಹರಿಕಾರ. (ಹಳೆಯ ಕಾಲದಲ್ಲಿ ಹರಿಕಾರ ಅಂದರೆ ದೊರೆಯ ಓಲೆ ಹೊತ್ತು ಊರಿಂದೂರಿಗೆ ಓಡುತ್ತಿದ್ದ ಆಳು. ಹೊಗಳುವವರಿಗೆ ಇದು ಗೊತ್ತಿದ್ದರೆ ಬೇರೆ ಶಬ್ದ ಹುಡುಕುತ್ತಿದ್ದರೇನೋ.) ಹರಿಕಾರ ಸಾಕಾಗದಿದ್ದರೆ ಭಗೀರಥ, ಅದೂ ಸಾಕಾಗದಿದ್ದರೆ ಕರ್ಣ. ಪುರಾಣದಿಂದ ಜನರನ್ನು ಹೊರಗೆ ತರಲು ಕಾನೂನು ಮಾಡಿದ ಮನುಷ್ಯನನ್ನು ಹಿಡಿದು ಮತ್ತೆ ಪುರಾಣದೊಳಕ್ಕೇ ತಳ್ಳುತ್ತಾರೆ. ಇನ್ನು ಕ್ರಿಯಾಪದ ಎಲ್ಲ ಕಡೆ ಒಂದೇ: ಕೊಟ್ಟರು. ಭೂಮಿ ಕೊಟ್ಟರು, ಮೀಸಲಾತಿ ಕೊಟ್ಟರು, ಧ್ವನಿ ಕೊಟ್ಟರು. ಕೊಡುವವನು ಮೇಲೆ ನಿಂತಿರುತ್ತಾನೆ, ಪಡೆಯುವವನು ಕೆಳಗೆ ಬೊಗಸೆ ಒಡ್ಡಿರುತ್ತಾನೆ. ಹೊಲಗೇರಿಯಲ್ಲಿ ಹುಟ್ಟಿದ ನಮಗೆ ಆ ಬೊಗಸೆಯ ರೂಢಿ ಚೆನ್ನಾಗಿ ಗೊತ್ತು. ನೀರಿಗೂ ಅದನ್ನೇ ಒಡ್ಡಿದ್ದೆವು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಒಕ್ಕಲುಗಳು ಎದ್ದು ನಿಂತಿದ್ದು ಅಳತೆಯ ಕೊಳಗದ ವಿಚಾರಕ್ಕೆ. ಒಡೆಯ ಗೇಣಿ ಅಳೆಯುವ ಕೊಳಗ ದೊಡ್ಡದು ಅನ್ನುವುದು ಅವರ ಮಾತು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಲ್ಲಿಂದ ಲೆಕ್ಕ ಹಾಕಿದರೆ 1974ರ ಮಾರ್ಚ್ 1ಕ್ಕೆ ಇಪ್ಪತ್ತಮೂರು ವರ್ಷ. ಅವತ್ತು ಜಾರಿಗೆ ಬಂದ ತಿದ್ದುಪಡಿ ಕಾನೂನು ಗೇಣಿ ಜಮೀನನ್ನೆಲ್ಲ ಸರ್ಕಾರದ ವಶಕ್ಕೆ ತಂದು, ಗೇಣಿದಾರನಿಗೆ ಅದರ ಒಡೆತನ ಸಿಗುವಂತೆ ಮಾಡಿತು. ಫಾರಂ ನಂಬರ್ 7 ತುಂಬಿ ಅರ್ಜಿ ಹಾಕಬೇಕು. ಕೊನೆಯ ದಿನ ಮುಂದಕ್ಕೆ ಹೋಗಿ ಹೋಗಿ 1979ರ ಜೂನ್ 30ಕ್ಕೆ ನಿಂತಿತು. 8 ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. ತೀರ್ಮಾನ ಮಾಡಲು ತಾಲ್ಲೂಕು ತಾಲ್ಲೂಕಿಗೆ ಭೂ ನ್ಯಾಯಮಂಡಳಿ. ಅದರ ಮುಂದೆ ಕರಿಕೋಟಿನ ವಕೀಲರು ಬರುವಂತಿರಲಿಲ್ಲ. ಸದಸ್ಯರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಬೇಕಿತ್ತು. ಒಡೆಯನ ಮುಂದೆ ಹೆಗಲ ಮೇಲಿನ ಟವೆಲ್ಲು ತೆಗೆದು ನಿಲ್ಲುತ್ತಿದ್ದ ಮನುಷ್ಯ ಅದೇ ಒಡೆಯನ ಎದುರು ಕೂತು ‘ಈ ಗದ್ದೆ ನಾನು ಮಾಡಿದ್ದು’ ಅಂತ ಹೇಳುವ ಜಾಗ ಅದು. ಇದನ್ನು ಸಣ್ಣ ಕೆಲಸ ಅನ್ನುವವರು ಹಳ್ಳಿಯಲ್ಲಿ ಬದುಕಿದವರಲ್ಲ. ‘ಕೊಟ್ಟರು’ ಅನ್ನುವ ಒಂದೇ ಶಬ್ದ ಕಾಗೋಡನ್ನೂ ನುಂಗುತ್ತದೆ, ನ್ಯಾಯಮಂಡಳಿಯ ಮುಂದೆ ಬಾಯಿ ತೆರೆದ ಲಕ್ಷಾಂತರ ಜನರನ್ನೂ ನುಂಗುತ್ತದೆ.

ಎರಡನೆಯ ಭಾನುವಾರ ಮಾತು ಬಿಸಿಯಾಯಿತು. ಸಾಗರದ ಕಡೆಯಿಂದ ಬಂದ ಹುಡುಗ, ಗೇಣಿದಾರರ ಮನೆಯವನು, ‘ಅರಸು ಇಲ್ಲದಿದ್ರೆ ನಾನಿಲ್ಲಿ ಕೂತಿರ್ತಿರಲಿಲ್ಲ. ನಮ್ಮಜ್ಜಂಗೆ ಎರಡೆಕರೆ ಆಗಿದ್ದಕ್ಕೇ ಅಪ್ಪ ಹೈಸ್ಕೂಲು ನೋಡಿದ್ದು’ ಅಂದ. ಕಣ್ಣು ತುಂಬಿ ಹೇಳಿದ ಮಾತು, ಸುಳ್ಳಿಲ್ಲ. ಅದಕ್ಕೆ ನಂಜನಗೂಡು ಕಡೆಯ ನಮ್ಮ ಹುಡುಗಿ ಕೇಳಿದ್ದು ಹೀಗೆ: ‘ನಿಮ್ಮಜ್ಜ ಏಳನೇ ನಂಬರ್ ಫಾರಂ ತುಂಬಿದ್ರು, ಸರಿ. ನಮ್ಮಜ್ಜಿ ಹದಿನಾರು ವರ್ಷ ಒಬ್ಬರದೇ ಗದ್ದೇಲಿ ನಾಟಿ ಹಾಕಿದ್ಲು, ಕಳೆ ಕಿತ್ತಳು. ತಾತ ಅದೇ ಮನೇಲಿ ಜೀತಕ್ಕಿದ್ದ. ಅವರು ಯಾವ ಫಾರಂ ತುಂಬಬೇಕಿತ್ತು?’

ನಾವು ಓದಿದ ಯಾವ ಭಾಷಣದಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಆದ್ದರಿಂದ ಭಾಷಣ ಬದಿಗಿಟ್ಟು ಕಾನೂನಿನ ಪುಸ್ತಕವನ್ನೇ ತಂದು ಓದಿದೆವು. ಕವನ ಓದುವವರು ಕಾನೂನು ಓದಬಾರದು ಅಂತ ಯಾರೂ ಬರೆದಿಟ್ಟಿಲ್ಲ.

‘ಉಳುವವನೇ ನೆಲದೊಡೆಯ’ ಘೋಷಣೆ. ಕೇಳಿದರೆ ರಕ್ತ ಬಿಸಿಯಾಗುತ್ತದೆ. ಆದರೆ ಕಾನೂನಿನೊಳಗೆ ಉಳುವವನು ಯಾರು? ಕರ್ನಾಟಕ ಭೂಸುಧಾರಣಾ ಕಾಯಿದೆ 1961ರದ್ದು, ಅದರ ಎರಡನೆಯ ಕಲಂ ಶಬ್ದಗಳ ಅರ್ಥ ಹೇಳುತ್ತದೆ. ‘ಸ್ವಂತ ಸಾಗುವಳಿ’ ಅಂದರೆ ತನ್ನ ಮೈ ದುಡಿಮೆಯಿಂದ ಮಾಡುವುದು. ಅಥವಾ ಮನೆಯವರ ದುಡಿಮೆಯಿಂದ ಮಾಡುವುದು. ಅಥವಾ ತಾನೋ ಮನೆಯವರೋ ಖುದ್ದು ಉಸ್ತುವಾರಿ ನೋಡುತ್ತಾ ಕೂಲಿಯವರಿಂದ, ಸಂಬಳದ ಆಳುಗಳಿಂದ ಮಾಡಿಸುವುದು. ಕೂಲಿ ದುಡ್ಡಿನ ರೂಪದಲ್ಲಿರಬಹುದು, ಕಾಳಿನ ರೂಪದಲ್ಲಿರಬಹುದು, ಬೆಳೆಯ ಪಾಲು ಮಾತ್ರ ಆಗಕೂಡದು. ಮೂರನೆಯ ‘ಅಥವಾ’ ಹತ್ತಿರ ನಮ್ಮ ಹುಡುಗಿ ಕೈಯಿಟ್ಟು ನಿಂತಳು. ಬದುವಿನ ಮೇಲೆ ಕೊಡೆ ಹಿಡಿದು ನಿಂತು ‘ಬಗ್ಗಿ ನೆಡ್ರೇ’ ಅಂತ ಕೂಗುವವನು ಕಾನೂನಿನ ಪ್ರಕಾರ ಸ್ವಂತ ಸಾಗುವಳಿ ಮಾಡುತ್ತಿದ್ದಾನೆ. ಕೆಸರಿನೊಳಗೆ ಬಗ್ಗಿದವಳು ಏನು ಮಾಡುತ್ತಿದ್ದಾಳೆ? ಅದಕ್ಕೆ ಅಲ್ಲಿ ಹೆಸರಿಲ್ಲ. ಅವಳು ಅವನ ಸಾಗುವಳಿಯ ಒಂದು ಸಾಮಾನು, ಗುದ್ದಲಿ ಮಂಕರಿ ಹಾಗೆ.

‘ಉಳುವವನು’ ಪುಲ್ಲಿಂಗ ಬೇರೆ. ಹೆಂಗಸು ನೇಗಿಲು ಮುಟ್ಟಬಾರದು ಅನ್ನುವ ಕಟ್ಟು ನಮ್ಮ ಎಷ್ಟೋ ಊರುಗಳಲ್ಲಿದೆ. ನಾಟಿ, ಕಳೆ, ಕುಯ್ಲು, ತೂರುವುದು ಇವೆಲ್ಲ ಹೆಂಗಸರ ಕೈಯಿಂದಲೇ ಆಗಬೇಕು, ಉಳುವುದು ಮಾತ್ರ ಗಂಡಸಿನದು. ಘೋಷಣೆ ಬರೆದವರು ಆರಿಸಿಕೊಂಡದ್ದು ಆ ಒಂದು ಕೆಲಸವನ್ನೇ. ಬೇಕೆಂದೇ ಹಾಗೆ ಮಾಡಿದರು ಅಂತ ನಾವು ಹೇಳುತ್ತಿಲ್ಲ. ಬೇಕೆಂದು ಮಾಡದೆಯೇ ಹಾಗಾಗುತ್ತದಲ್ಲ, ಅದೇ ಯಜಮಾನಿಕೆ.

ಈಗ ಚೋಮನ ಕಡೆ ನೋಡಿ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದ್ದು. ಪಠ್ಯಪುಸ್ತಕದ ವಿಮರ್ಶೆ ಅದನ್ನು ಕರುಣೆಯ ಕಾದಂಬರಿ ಅಂತ ಹೇಳಿ ಕೈತೊಳೆದುಕೊಳ್ಳುತ್ತದೆ. ನಮ್ಮ ಮಟ್ಟಿಗೆ ಅದು ಗೇಣಿಯ ಕಾದಂಬರಿ. ಚೋಮನಿಗೆ ಎತ್ತಿನ ಜೋಡಿ ಇದೆ, ತೋಳಿನಲ್ಲಿ ಬಲ ಇದೆ, ಉಳುವ ಆಸೆ ಇದೆ. ಇಲ್ಲದಿರುವುದು ಉಳಲು ನೆಲ. ಅವನು ಒಡೆತನ ಕೇಳಲಿಲ್ಲ, ಗೇಣಿಗೆ ಒಂದು ತುಂಡು ಕೇಳಿದ. ಕೀಳುಜಾತಿಯವನು ಬೇಸಾಯ ಮಾಡಕೂಡದು ಅನ್ನುವ ಕಟ್ಟು ಅಡ್ಡ ಬಂತು. ಕೊನೆಗೆ ಅವನ ಕೈಯಲ್ಲಿ ಉಳಿದದ್ದು ದುಡಿ. ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದ್ದು 1975ರಲ್ಲಿ, ರಾಷ್ಟ್ರದ ಅತ್ಯುತ್ತಮ ಚಿತ್ರ ಅಂತ ಬಹುಮಾನ ಬಂತು. ಆ ವರ್ಷವೇ ನಾಡಿನ ತುಂಬ ಜನ ಏಳನೇ ನಂಬರ್ ಫಾರಂ ತುಂಬುತ್ತಿದ್ದರು. ತೆರೆಯ ಮೇಲಿನ ಚೋಮ ಎದ್ದು ತಾಲ್ಲೂಕು ಕಚೇರಿಗೆ ಬಂದಿದ್ದರೆ ಗುಮಾಸ್ತ ಏನು ಕೇಳುತ್ತಿದ್ದ? ಯಾವ ಸರ್ವೆ ನಂಬರು, ಎಷ್ಟು ವರ್ಷದ ಗೇಣಿ, ಒಡೆಯ ಯಾರು. ಗೇಣಿಯನ್ನೇ ಅವನಿಗೆ ಕೊಡಲಿಲ್ಲವಲ್ಲ, ಏನು ಬರೆಸುವುದು! ಜಾತಿ ಯಾರಿಗೆ ನೇಗಿಲು ಹಿಡಿಯಲು ಬಿಟ್ಟಿತ್ತೋ ಅವನನ್ನು ಕಾನೂನು ಒಡೆಯನನ್ನಾಗಿ ಮಾಡಿತು. ಜಾತಿ ಯಾರನ್ನು ಬದುವಿನ ಆಚೆ ನಿಲ್ಲಿಸಿತ್ತೋ ಅವನು ಆಚೆಯೇ ಉಳಿದ. ಗೇಣಿ ಪದ್ಧತಿ ಬಲವಾಗಿದ್ದ ಕರಾವಳಿ, ಮಲೆನಾಡಿನಲ್ಲಿ ಕಾನೂನು ಭೂಮಿ ಅಲುಗಾಡಿಸಿತು. ನಮ್ಮ ಬಯಲುಸೀಮೆಯಲ್ಲಿ ಗೇಣಿಯೇ ಕಡಿಮೆ, ಕೂಲಿ ಜೀತವೇ ಜಾಸ್ತಿ. ಇಲ್ಲಿ ಅದು ತಟ್ಟಿದ್ದೂ ಕಡಿಮೆ. ದಲಿತ ಗೇಣಿದಾರರು ಇರಲೇ ಇಲ್ಲ ಅಂತಲ್ಲ. ಇದ್ದರು, ಭೂಮಿ ಪಡೆದರು, ಅವರ ಮಕ್ಕಳು ನಮ್ಮ ಗೆಳೆಯರಾಗಿದ್ದಾರೆ. ಆದರೆ ಕೇರಿಯ ಬಹುಪಾಲು ಕೈ ಕೂಲಿಯ ಕೈ. ಅದೇ ದಶಕದ ಕೇರಿಯನ್ನು ಕಣ್ಣಾರೆ ಕಂಡು ದೇವನೂರ ಮಹಾದೇವ ಬರೆದ ‘ಒಡಲಾಳ’ದ ಮನೆಯಲ್ಲಿ ರಾತ್ರಿಯೆಲ್ಲ ಕೂತು ತಿನ್ನುವುದು ಕದ್ದು ತಂದ ಕಡ್ಲೆಕಾಯಿ. ಬೆಳೆದದ್ದು ಇಂಥವರ ಕೈ, ತಿಂದದ್ದಕ್ಕೆ ಬರುವುದು ಪೊಲೀಸು.

ಇಷ್ಟು ಹೇಳಿದ ಮೇಲೆ ಒಬ್ಬ ಹುಡುಗ, ‘ಹಂಗಾದ್ರೆ ಅರಸು ನಮಗೇನೂ ಮಾಡ್ಲಿಲ್ಲ ಅಂತ ಬರ್ಕೋಬೋದಾ?’ ಅಂತ ಪೆನ್ನು ತೆಗೆದ. ಬೇಡ ಮಾರಾಯ, ತಡಿ ಅಂದೆವು. ಇಂಥ ಮಾತಿಗೆ ಕಾದು ಕೂತವರು ಬೇರೆ ಇದ್ದಾರೆ. ಅರಸು ಭ್ರಷ್ಟ, ಅರಸು ಜಾತಿ ಒಡೆದ ಅಂತ ಅವರು ಬದುಕಿದ್ದಾಗಲೇ ಹೇಳುತ್ತಿದ್ದ ಪಟ್ಟಭದ್ರರು ನಮ್ಮ ಟೀಕೆಯನ್ನು ತಮ್ಮ ಟೀಕೆಯ ಜೊತೆ ಸೇರಿಸಿ ಅಳೆದುಬಿಡುತ್ತಾರೆ. ಅವರ ಸಿಟ್ಟು ಅರಸು ಮಾಡಿದ್ದಕ್ಕೆ. ನಮ್ಮ ತಕರಾರು ಮಾಡದೆ ಉಳಿದದ್ದಕ್ಕೆ. ಎರಡೂ ಒಂದೇ ತಕ್ಕಡಿಯಲ್ಲಿ ಕೂರುವುದಿಲ್ಲ.

ಮಾಡಿದ್ದು ಏನೇನು? ಕೂಲಿಕಾರ ಬೇರೆಯವರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಿದ್ದರೆ ಆ ಮನೆಯ ಜಾಗ ಅವನದೇ ಅನ್ನುವ ಕಲಂ ಇದೇ ಕಾಯಿದೆಯಲ್ಲಿದೆ. ‘ನನ್ನ ಜಾಗ ಬಿಟ್ಟು ನಡಿ’ ಅನ್ನುವ ಒಂದು ಮಾತಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದವರಿಗೆ ಇದು ಎಷ್ಟು ದೊಡ್ಡದು ಅಂತ ಪೇಟೆಯವರಿಗೆ ತಿಳಿಯುವುದು ಕಷ್ಟ. 1976ರ ಋಣ ಪರಿಹಾರ ಕಾಯಿದೆಯಲ್ಲಿ ಭೂಹೀನ ಕೂಲಿಯವರ, ಸಣ್ಣ ರೈತರ ಸಾಲ ರದ್ದಾಯಿತು, ಅಡ ಇಟ್ಟ ಚೊಂಬು ತಟ್ಟೆ ವಾಪಸ್ಸು ಬರುವಂತಾಯಿತು. ಎಲ್.ಜಿ. ಹಾವನೂರ ಆಯೋಗ 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿ ಕೊಟ್ಟಿತು. ಅಂಕಿ ಸಂಖ್ಯೆ ಹಿಡಿದು ಹಿಂದುಳಿದಿರುವಿಕೆಯನ್ನು ಅಳೆದ ಆ ಕೆಲಸ ಇಲ್ಲದಿದ್ದರೆ ನಮ್ಮ ಜೊತೆ ಕೂತಿದ್ದ ಅರ್ಧ ಹುಡುಗರು ಊರಲ್ಲೇ ಇರುತ್ತಿದ್ದರು. ಮತ್ತೆ 1978ರ ಪಿ.ಟಿ.ಸಿ.ಎಲ್. ಕಾಯಿದೆ, 1979ರ ಜನವರಿ 1ರಿಂದ ಜಾರಿ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಕೈಸಾಲಕ್ಕೆ, ಹೆಂಡಕ್ಕೆ, ಹೆದರಿಕೆಗೆ ಬರೆಸಿಕೊಂಡಿದ್ದರೆ ಆ ಪತ್ರ ಅಸಿಂಧು, ಜಮೀನು ವಾಪಸ್ಸು. 1984ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು ‘ನ್ಯಾಯವಾದ ಕಾಲಾವಧಿಯೊಳಗೆ ಕೇಳಬೇಕಿತ್ತು’ ಅಂದಿತು. ತಡವಾಗಿ ಬಂದವರ ಅರ್ಜಿ ಬಿದ್ದುಹೋಗತೊಡಗಿದವು. ಕಾಲಮಿತಿ ಇಲ್ಲ ಅಂತ ತಿದ್ದುಪಡಿ ತರಲು 2023 ಬರಬೇಕಾಯಿತು. ಅದಕ್ಕಾಗಿ ದಲಿತರು ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ಹಕ್ಕು ಕೇಳಲು ತಡಮಾಡಿದಿರಿ ಅಂತ, ಅಕ್ಷರವೇ ಇಲ್ಲದಿದ್ದ ಜನಕ್ಕೆ ಹೇಳುತ್ತಾರೆ ನೋಡಿ.

ಮೂರನೆಯ ಭಾನುವಾರ ಭಾಷಣಗಳು ಹಾರಿಸಿಕೊಂಡು ಹೋಗುವ ಪುಟಗಳನ್ನು ತೆಗೆದೆವು. 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂತ ಬಿ. ಬಸವಲಿಂಗಪ್ಪ ಹೇಳಿದರು. ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಲು ಹೊರಟ ಸಚಿವ ಅವರು. ಗಲಭೆ ಎದ್ದಿತು, ದಲಿತ ವಿದ್ಯಾರ್ಥಿಗಳಿಗೆ ಹೊಡೆತ ಬಿತ್ತು. ರಾಜೀನಾಮೆ ಕೊಡಬೇಕಾದದ್ದು ಬಸವಲಿಂಗಪ್ಪನವರೇ. ಸಂಪುಟದ ಯಜಮಾನ ಅರಸು. ಮುಂದೆ ಮತ್ತೆ ಮಂತ್ರಿ ಮಾಡಿದರು, ಇರಲಿ. ಆದರೆ ಆ ಕ್ಷಣದಲ್ಲಿ ಬೀದಿಗೆ ಬಿದ್ದ ದಲಿತ ಹುಡುಗರ ಬೆನ್ನಿಗೆ ಅಧಿಕಾರ ನಿಲ್ಲಲಿಲ್ಲ ಅನ್ನುವುದರಿಂದಲೇ ದಲಿತ ಸಂಘರ್ಷ ಸಮಿತಿ ಹುಟ್ಟುವ ನೆಲ ಹದವಾಯಿತು. ಆ ಲೆಕ್ಕದಲ್ಲಿ ಈ ಪತ್ರಿಕೆಯೂ ಅಲ್ಲಿಂದಲೇ ಬಂದದ್ದು.

ಇನ್ನೊಂದು ಪುಟ ತುರ್ತುಪರಿಸ್ಥಿತಿಯದು. 1975ರ ಜೂನ್ 25ರಿಂದ ಇಪ್ಪತ್ತೊಂದು ತಿಂಗಳು ಇಲ್ಲಿಯ ಮುಖ್ಯಮಂತ್ರಿ ಅರಸು ಅವರೇ. ‘ಸಂಸ್ಕಾರ’ ಚಿತ್ರದ ಚಂದ್ರಿ, ನಟಿ ಸ್ನೇಹಲತಾ ರೆಡ್ಡಿ, ಬೆಂಗಳೂರು ಜೈಲಿನಲ್ಲಿ ಆಸ್ತಮಾದಿಂದ ಒದ್ದಾಡಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು. ಒಬ್ಬ ನಾಯಕನ ಸಾವಿನ ಬಗ್ಗೆ ಮಾತಾಡುವಾಗ ಅವನ ಕೈಕೆಳಗೆ ಆದ ಸಾವನ್ನೂ ಮಾತಾಡಬೇಕು. ‘ಒಳ್ಳೆ ಕೆಲ್ಸ ಆಗ್ಬೇಕಾದ್ರೆ ಸ್ವಲ್ಪ ಗಟ್ಟಿ ಕೈ ಬೇಕಲ್ವಣ್ಣ?’ ಅಂತ ಒಬ್ಬ ಕೇಳಿದ. ಈ ರೋಗ ನಮ್ಮ ಹುಡುಗರಲ್ಲಿ ಹೆಚ್ಚುತ್ತಿದೆ. ತಾರೀಖು ನೋಡಿ ಅಂತ ತೋರಿಸಿದೆವು. ಭೂಸುಧಾರಣೆ ಜಾರಿಯಾದದ್ದು 1974ರ ಮಾರ್ಚಿನಲ್ಲಿ, ತುರ್ತುಪರಿಸ್ಥಿತಿಗೆ ಹದಿನೈದು ತಿಂಗಳು ಮುಂಚೆ, ವಿಧಾನಸಭೆಯಲ್ಲಿ ವಾದ ಮಾಡಿ. ಅದಕ್ಕೆ ಯಾರನ್ನೂ ಜೈಲಿಗೆ ಹಾಕಬೇಕಾಗಿರಲಿಲ್ಲ. ಗ್ರೋವರ್ ಆಯೋಗದ ಭ್ರಷ್ಟಾಚಾರ ವಿಚಾರಣೆಯ ಮೇಲೆ ಮಾತ್ರ ಹುಡುಗರು ಹೆಚ್ಚು ಹೊತ್ತು ನಿಲ್ಲಲಿಲ್ಲ. ಈಗಿನ ಲೆಕ್ಕಗಳನ್ನು ನೋಡಿದವರಿಗೆ ಅದು ಕಥೆಯಂತೆ ಕಂಡಿರಬೇಕು. ಹಾಗೆ ಕಾಣುವುದೂ ಒಳ್ಳೆಯದಲ್ಲ.

ಸಾವಿನ ವಿಚಾರ. 1978ರಲ್ಲಿ 224ರಲ್ಲಿ 149 ಸ್ಥಾನ ಗೆದ್ದು ಬಂದ ಪಕ್ಷ ಮರುವರ್ಷ ಒಡೆಯಿತು. ಇಂದಿರಾ ಗಾಂಧಿಯವರನ್ನು 1978ರಲ್ಲಿ ಚಿಕ್ಕಮಗಳೂರಿನಿಂದ ಗೆಲ್ಲಿಸಿದ ಮನುಷ್ಯನೇ ಅವರಿಂದ ದೂರವಾದರು. 1980ರ ಜನವರಿಯಲ್ಲಿ ಲೋಕಸಭೆಯ 28ರಲ್ಲಿ 27 ಇಂದಿರಾ ಪಕ್ಷದ ಪಾಲಾದವು. ಅರಸು ಹೆಸರು ಹೇಳಿಕೊಂಡು ಶಾಸಕರಾದವರು ರಾತ್ರೋರಾತ್ರಿ ಗುಂಪು ಬದಲಾಯಿಸಿದರು, ಗುಂಡೂರಾವ್ ಮುಖ್ಯಮಂತ್ರಿಯಾದರು. ಕ್ರಾಂತಿರಂಗ ಕಟ್ಟಿ ತಿಂಗಳುಗಳಲ್ಲೇ ಅರಸು ತೀರಿಕೊಂಡರು, ಅರವತ್ತಾರು ವಯಸ್ಸು. ಆಮೇಲೆ ಏಳು ತಿಂಗಳಿಗೆ ಜನತಾ ಜೊತೆ ಸೇರಿದ ಅದೇ ರಂಗ ಅಧಿಕಾರದ ಬಾಗಿಲು ದಾಟಿತು. ಅವತ್ತು ಬಿಟ್ಟು ಹೋದವರ ಪರಂಪರೆಯವರೇ ಇವತ್ತು ಆಗಸ್ಟ್ 20ರ ಶಾಮಿಯಾನದ ಕೆಳಗೆ ಗಂಟಲು ಹರಿದುಕೊಳ್ಳುತ್ತಾರೆ. ಭಾಷಣದಲ್ಲಿ ‘ಅಮರರಾದರು’ ಅನ್ನುವ ಶಬ್ದ ಈ ಎರಡೂವರೆ ವರ್ಷವನ್ನು ಮುಚ್ಚಿಡುವ ಬಟ್ಟೆ. ನಮ್ಮ ಹುಡುಗರಿಗೆ ಇದು ಗೊತ್ತಿರಬೇಕು. ಯಾಕೆಂದರೆ ಗೇಣಿಯಿಂದ ಒಡೆಯರಾದವರು ಅರಸು ಬೀಳುವಾಗ ಹಿಡಿದುಕೊಳ್ಳಲು ಬರಲಿಲ್ಲ. ಭೂಮಿ ಬಂದ ಮೇಲೆ ಅವರಿಗೆ ಬೇಕಾದದ್ದು ನೀರು, ಗೊಬ್ಬರ, ಬೆಲೆ, ಮತ್ತೆ ಅಗ್ಗದ ಕೂಲಿ. ಅಗ್ಗದ ಕೂಲಿ ಅಂದರೆ ಕೇರಿ. ಸಾಗರದ ಹುಡುಗ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದು, ‘ನಮ್ಮನೆಗೂ ಕೂಲಿಗೆ ಬರ್ತಾರೆ. ಅವರಿಗೆ ಎಷ್ಟು ಕೊಡ್ತೀವಿ ಅಂತ ನಾನು ಕೇಳೇ ಇಲ್ಲ’ ಅಂದ. ಅರಸು ಮೇಲೆ ನಾವು ಓದಿದ ಯಾವ ಪ್ರಬಂಧದಲ್ಲೂ ಇಂಥ ಒಂದು ವಾಕ್ಯ ಇಲ್ಲ.

2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಂಗಳನ್ನು ಕಿತ್ತುಹಾಕಿದರು. ಬೇಸಾಯದವರಲ್ಲದವರೂ, ಎಷ್ಟೇ ಆದಾಯ ಇದ್ದವರೂ ಹೊಲ ಕೊಳ್ಳಬಹುದು ಅಂತಾಯಿತು. ರೈತ ಸಂಘಟನೆಗಳ ಜೊತೆ ದಲಿತ ಸಂಘಟನೆಗಳೂ ಬೀದಿಗಿಳಿದವು. ನಾವೂ ಹೋಗಿದ್ದೆವು. ಹೊಲವೇ ಇಲ್ಲದ ನಾವು ಹೊಲ ಮಾರಾಟದ ವಿರುದ್ಧ ಕೂಗಿದ್ದು ಯಾಕೆ ಅಂತ ಕೆಲವರು ನಗಾಡಿದರು. ಹೊಲ ಲೇಔಟ್ ಆದರೆ ಒಡೆಯನಿಗೆ ದುಡ್ಡು ಬರುತ್ತದೆ, ಕೂಲಿಯವಳಿಗೆ ಕೂಲಿಯೂ ಹೋಗುತ್ತದೆ. ಇದು ತಿಳಿಯಲು ಅರ್ಥಶಾಸ್ತ್ರ ಬೇಕಿಲ್ಲ.

ನಮ್ಮ ಹುಡುಗಿಯ ಪ್ರಶ್ನೆಗೆ ಕಚೇರಿಯ ಭಾಷೆಯಲ್ಲಿ ಉತ್ತರ ಇದೆ. ನಮ್ಮ ಅಜ್ಜಿ ತಾತಂದಿರು ತುಂಬಿದ ಫಾರಂ ಏಳಲ್ಲ. ಗೋಮಾಳದ ಅಂಚಿನಲ್ಲಿ, ಕಲ್ಲುಗುಡ್ಡೆಯ ಪಕ್ಕದಲ್ಲಿ ಮುಳ್ಳು ಕಡಿದು ಮಾಡಿಕೊಂಡ ಬಗರ್‌ಹುಕುಂ ತುಂಡಿಗೆ 1990ರ ದಶಕದಲ್ಲಿ ಫಾರಂ 50, ಫಾರಂ 53. ಮತ್ತೆ 2018ರಲ್ಲಿ ಫಾರಂ 57. ಏಳನೇ ನಂಬರಿನವರ ಕಥೆಗೆ ಜಯಂತಿ ಇದೆ. ಐವತ್ತೇಳನೇ ನಂಬರಿನವರಿಗೆ ಈಗಲೂ ‘ನಾಳೆ ಬಾ’ ಅನ್ನುವವರೇ ಇದ್ದಾರೆ.

ನಾಲ್ಕನೆಯ ಭಾನುವಾರ ಮಾತು ಕಡಿಮೆ, ಕೆಲಸ ಹೆಚ್ಚು. ಹುಡುಗರಿಗೆ ಒಂದು ಪಹಣಿ ತರಿಸಿ ಓದಿಸಿದೆವು. ಒಂಬತ್ತನೇ ಕಾಲಂನಲ್ಲಿ ಒಡೆಯನ ಹೆಸರು, ಹನ್ನೆರಡನೇ ಕಾಲಂನಲ್ಲಿ ಸಾಗುವಳಿದಾರನ ಹೆಸರು. ಗೇಣಿ ಸಾಬೀತು ಮಾಡಲು ಅವತ್ತು ಜನ ಹಿಡಿದು ಓಡಾಡಿದ್ದು ಈ ಹನ್ನೆರಡನೇ ಕಾಲಂ. ಕೂಲಿಯ ಹೆಸರು ಬರೆಯಲು ಕಾಲಂ ಇಲ್ಲ. ದಸರಾ ರಜೆಗೆ ಊರಿಗೆ ಹೋದವರು ಮನೆಯ ಟ್ರಂಕು, ಅಟ್ಟ, ದೇವರ ಗೂಡು ಹುಡುಕಿ ಹಳೇ ಕಾಗದ ತಂದಿದ್ದಾರೆ. ನ್ಯಾಯಮಂಡಳಿಯ ಆದೇಶ, ಫಾರಂ 53ರ ಹರಿದ ರಸೀತಿ, ಅಡ ಬಿಡಿಸಿಕೊಂಡ ಚೀಟಿ. ಏನೂ ಇಲ್ಲದವರು ಅಜ್ಜಿಯ ಬಾಯಲ್ಲಿ ಬಂದದ್ದನ್ನು ಬರೆದುಕೊಂಡು ಬಂದಿದ್ದಾರೆ: ಯಾರ ಗದ್ದೆ, ಎಷ್ಟು ವರ್ಷ, ದಿನಕ್ಕೆ ಎಷ್ಟು ಸೇರು. ಹಳ್ಳಿ ಶಾಲೆಯ ಮೇಷ್ಟ್ರುಗಳು, ಮೇಡಂಗಳು ಮುಂದಿನ ಆಗಸ್ಟ್ 20ಕ್ಕೆ ಹರಿಕಾರ ಪ್ರಬಂಧ ಬರೆಸುವ ಬದಲು ಮಕ್ಕಳಿಂದ ಇದನ್ನು ಬರೆಸಿ, ಒಂದು ಪ್ರತಿ ಈ ಪತ್ರಿಕೆಗೆ ಕಳಿಸಬೇಕು. ಬರಹ ಚೆನ್ನಾಗಿರಬೇಕಿಲ್ಲ. ಊರು, ವರ್ಷ, ಕೂಲಿಯ ಅಳತೆ ಇದ್ದರೆ ಸಾಕು.